ಚಿಕ್ಕ ಮಕ್ಕಳಿಗೆ ವ್ಯಾಪಾರ, ಹೂಡಿಕೆ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು 5ರಿಂದ 12 ವರ್ಷದೊಳಗಿನ ಮಕ್ಕಳ ಅಪ್ಪ ಅಮ್ಮಂದಿರಿಗೆ. ಲೆಕ್ಕಗಳಲ್ಲಿ ಬರುವ ಅಂಕಿಗಳಿಗೆ ಯಾವ ನಾಣ್ಯ ಬೇಕಾದರೂ ಹಾಕಿಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ.

ಇಷ್ಟು ಚಿಕ್ಕ ಮಕ್ಕಳಿಗೆ ವ್ಯಾಪಾರ ಯಾಕೆ? ಆಡಿಕೊಂಡಿರಲಿ ಬಿಡಿ, ಅಲ್ವಾ?

ಆಡಿಕೊಂಡೇ ಇರಲಿ. ಎಂಟು ವರ್ಷದ ಮಗು ಸಂಪಾದಿಸಬೇಕು ಎಂದು ಯಾರೂ ಹೇಳುತ್ತಿಲ್ಲ. ಆದರೆ ಅಂಗಡಿ ಆಟ ಮಕ್ಕಳು ತಾವಾಗಿಯೇ ಆಡುತ್ತಾರೆ. ಆ ಆಟದೊಳಗೆ ನಿಜವಾದ ಲೆಕ್ಕ ಒಂದಿಷ್ಟು ಸೇರಿಸುವುದಷ್ಟೇ ನಮ್ಮ ಕೆಲಸ. ಬಂದ ಹಣ ಬೇರೆ, ಉಳಿದ ಹಣ ಬೇರೆ. ಕಾಯುವುದಕ್ಕೂ ಒಂದು ಬೆಲೆ ಸಿಗುತ್ತದೆ. ಹಾಕಿದ ಹಣ ಕೆಲವೊಮ್ಮೆ ವಾಪಸ್ ಬರುವುದಿಲ್ಲ. ಈ ಮೂರು ಗೊತ್ತಾದರೆ ಈ ವಯಸ್ಸಿಗೆ ಅದೇ ಜಾಸ್ತಿ.

ದೊಡ್ಡವರಾದ ಮೇಲೆ ಇದೇ ಮೂರನ್ನು ಕಲಿಯಲು ಹೋಗಿ ಕೈ ಸುಟ್ಟುಕೊಂಡವರು ಎಷ್ಟು ಜನ ಇಲ್ಲ? ಚಿಕ್ಕವರಿದ್ದಾಗ ಕಲಿತರೆ ಶುಲ್ಕ ಕಡಿಮೆ.

ಯಾವ ವಯಸ್ಸಿನಿಂದ ಶುರು ಮಾಡಬಹುದು?

ಎಣಿಸಲು ಬಂದಾಗಿನಿಂದ ಮಾತಾಡಬಹುದು. ಆದರೆ ಮಗುವಿನ ತಲೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಿಕೊಂಡು ಮಾತಾಡಬೇಕು. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿದ ಒಂದು ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ಸಂಖ್ಯೆಯ ನಾಣ್ಯಗಳನ್ನು ಎರಡು ಸಾಲಿನಲ್ಲಿ ಇಟ್ಟು, ಒಂದು ಸಾಲನ್ನು ಸ್ವಲ್ಪ ಅಗಲಿಸಿ ಇಡಿ. ನಾಲ್ಕೈದು ವರ್ಷದ ಮಕ್ಕಳು ಹೆಚ್ಚಾಗಿ ಉದ್ದ ಸಾಲಿನಲ್ಲೇ ಜಾಸ್ತಿ ನಾಣ್ಯ ಇದೆ ಅನ್ನುತ್ತಾರೆ. ಆ ವಯಸ್ಸಿನ ಮಗುವಿಗೆ ಒಂದು ದೊಡ್ಡ ನೋಟಿಗಿಂತ ಐದು ಚಿಲ್ಲರೆ ನಾಣ್ಯಗಳೇ ದೊಡ್ಡ ಆಸ್ತಿ. ಅಂಥ ಮಗುವಿಗೆ ಶೇಕಡಾವಾರು ಬಡ್ಡಿ ಹೇಳಲು ಹೋದರೆ ನಮಗೂ ಸುಸ್ತು, ಅದಕ್ಕೂ ಸುಸ್ತು.

ಐದಾರು ವರ್ಷಕ್ಕೆ ಕೊಡುವುದು, ತೆಗೆದುಕೊಳ್ಳುವುದು, ಚಿಲ್ಲರೆ ವಾಪಸ್ ಪಡೆಯುವುದು ಸಾಕು. ಕೂಡುವುದು, ಕಳೆಯುವುದು ಬಂದ ಮೇಲೆ, ಅಂದರೆ ಏಳೆಂಟು ವರ್ಷಕ್ಕೆ, ಖರ್ಚು ಮತ್ತು ಲಾಭ. ಹತ್ತು ದಾಟಿದ ಮೇಲೆ ಬಡ್ಡಿ, ಶೇರು. ನಿಮ್ಮ ಮಗು ಇದಕ್ಕಿಂತ ಮುಂದಿದ್ದರೆ ಮುಂದೆ ಹೋಗಿ, ಹಿಂದಿದ್ದರೆ ಕಾಯಿರಿ. ಯಾವ ಅವಸರವೂ ಇಲ್ಲ.

ಮನೆಯಲ್ಲಿ ಎಲ್ಲ ಪಾವತಿಯೂ ಫೋನಿನಲ್ಲೇ. ಮಗುವಿಗೆ ಹಣವೇ ಕಾಣುವುದಿಲ್ಲ. ಏನು ಮಾಡೋಣ?

ಮೊದಲ ಒಂದೆರಡು ವರ್ಷ ನಾಣ್ಯ, ನೋಟುಗಳಲ್ಲೇ ಕಲಿಸಿ. ಫೋನನ್ನು ಮುಟ್ಟಿದರೆ ಸಾಮಾನು ಬರುತ್ತದೆ ಎಂದಷ್ಟೇ ಕಂಡ ಮಗುವಿಗೆ ಹಣ ಮುಗಿಯುವ ವಸ್ತು ಅನ್ನುವುದೇ ಹೊಳೆಯುವುದಿಲ್ಲ. ಡಬ್ಬಿಯಲ್ಲಿದ್ದದ್ದು ಕಡಿಮೆಯಾಗುವುದನ್ನು ಕಣ್ಣಾರೆ ನೋಡಬೇಕು. ಪಾರದರ್ಶಕ ಡಬ್ಬಿ ಆದರೆ ಇನ್ನೂ ಒಳ್ಳೆಯದು. ಮುಚ್ಚಿದ ಮಣ್ಣಿನ ಹುಂಡಿ ಚಂದ ಕಾಣುತ್ತದೆ, ಆದರೆ ಒಳಗೆ ಎಷ್ಟಿದೆ ಎಂದು ಗೊತ್ತಾಗುವುದು ಒಡೆದ ದಿನವೇ.

ನೀವು ಫೋನಿನಲ್ಲಿ ಪಾವತಿ ಮಾಡಿದಾಗ ಪರದೆ ತೋರಿಸಿ: ಮೊದಲು ಇಷ್ಟಿತ್ತು, ಈಗ ಇಷ್ಟಾಯಿತು. ಹತ್ತು ಸೆಕೆಂಡಿನ ಕೆಲಸ.

ಪಾಕೆಟ್ ಮನಿ ಕೊಡಬೇಕಾ? ಮನೆಗೆಲಸ ಮಾಡಿದ್ದಕ್ಕೆ ಹಣ ಕೊಡಬಹುದಾ?

ನಿರ್ಧಾರ ಮಾಡುವುದನ್ನು ಕಲಿಸಬೇಕಾದರೆ ಕೈಯಲ್ಲಿ ಒಂದಿಷ್ಟು ಹಣ ಇರಲೇಬೇಕು. ಹಾಗಾಗಿ ಕೊಡಿ. ಸಣ್ಣ ಮೊತ್ತ, ನಿಗದಿತ ದಿನ, ತಪ್ಪದೆ. ಎಷ್ಟು ಎನ್ನುವುದಕ್ಕಿಂತ ತಪ್ಪದೆ ಎನ್ನುವುದೇ ಮುಖ್ಯ.

ಮನೆಗೆಲಸದ ವಿಷಯಕ್ಕೆ ಬಂದರೆ ನಾನು ಹಿಂದೇಟು ಹಾಕುತ್ತೇನೆ. ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಸಂಶೋಧಕರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ, ಬಹುಮಾನದ ಮಾತಿಲ್ಲದೆ ಸುಮ್ನೆ ಬಿಟ್ಟಾಗ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳ ಅರ್ಧದಷ್ಟಾಗಿತ್ತು. ಇಷ್ಟಪಟ್ಟು ಮಾಡುತ್ತಿದ್ದದ್ದು ಕೂಲಿ ಕೆಲಸವಾಗಿಬಿಟ್ಟಿತ್ತು.

ತನ್ನ ತಟ್ಟೆ ತಾನು ತೊಳೆಯುವುದು, ತನ್ನ ಹಾಸಿಗೆ ತಾನು ಮಡಚುವುದು ಮನೆಯವರಾಗಿ ಮಾಡುವ ಕೆಲಸ. ಅದಕ್ಕೆ ಬೆಲೆ ಕಟ್ಟಿದರೆ ನಾಳೆ ‘ಇವತ್ತು ನನಗೆ ಹಣ ಬೇಡ, ಹಾಗಾಗಿ ತಟ್ಟೆ ತೊಳೆಯಲ್ಲ’ ಅನ್ನುತ್ತದೆ. ನ್ಯಾಯವಾದ ಮಾತೇ! ಹಳೆಯ ಪುಸ್ತಕಗಳನ್ನು ವಿಂಗಡಿಸುವುದು, ಗಾಡಿ ತೊಳೆಯುವುದು, ಇಂಥ ಹೆಚ್ಚುವರಿ ಕೆಲಸಕ್ಕೆ, ಮೊದಲೇ ಮಾತಾಡಿಕೊಂಡು, ಕೊಡಬಹುದು.

ಮೊದಲ ವ್ಯಾಪಾರಕ್ಕೆ ಏನು ಸರಿ?

ಮಗು ತಾನೇ ಮಾಡಬಲ್ಲದ್ದು, ಒಂದೆರಡು ವಾರದಲ್ಲಿ ಫಲ ಕಾಣುವುದು, ಹಾಳಾದರೂ ಯಾರಿಗೂ ತೊಂದರೆ ಆಗದ್ದು. ಮಣಿಯ ಬಳೆ, ಪುಸ್ತಕದ ಗುರುತುಪಟ್ಟಿ, ಶುಭಾಶಯ ಪತ್ರ, ಕುಂಡದಲ್ಲಿ ಬೆಳೆಸಿದ ಸಸಿ, ಆಡಿ ಬಿಟ್ಟ ಆಟದ ಸಾಮಾನು. ತಿನ್ನುವ ಪದಾರ್ಥ ಬೇಡ ಅನ್ನುತ್ತೇನೆ. ಕೆಟ್ಟರೆ ಇನ್ನೊಬ್ಬರ ಹೊಟ್ಟೆಯ ವಿಷಯ.

ಏನೂ ತಯಾರಿಸದೆಯೂ ವ್ಯಾಪಾರ ಮಾಡಬಹುದು. ಪೀಠೋಪಕರಣ ಮಾರುವ ಐಕಿಯಾ ಕಂಪನಿ ಕಟ್ಟಿದ ಇಂಗ್ವಾರ್ ಕಾಂಪ್ರಾಡ್ ಸ್ವೀಡನ್ನಿನ ಹಳ್ಳಿಯಲ್ಲಿ ಪುಟ್ಟ ಹುಡುಗನಾಗಿದ್ದಾಗ ಸಗಟು ಬೆಲೆಗೆ ಬೆಂಕಿಪೊಟ್ಟಣ ತರಿಸಿ ಅಕ್ಕಪಕ್ಕದವರಿಗೆ ಬಿಡಿಯಾಗಿ ಮಾರುತ್ತಿದ್ದರು. ಕಂಪನಿ ಶುರು ಮಾಡಿದ್ದು 1943ರಲ್ಲಿ, 17ನೇ ವಯಸ್ಸಿಗೆ. ಸಗಟು ಬೆಲೆಗೂ ಚಿಲ್ಲರೆ ಬೆಲೆಗೂ ಇರುವ ವ್ಯತ್ಯಾಸದಲ್ಲೇ ಅಂಗಡಿಯವರ ಬದುಕು ನಡೆಯುತ್ತದೆ ಎನ್ನುವುದನ್ನು ಮಗುವಿಗೆ ತೋರಿಸಲು ಇದು ಒಳ್ಳೆಯ ಕಥೆ. ಹತ್ತು ಪೆನ್ಸಿಲ್ಲಿನ ಕಟ್ಟಿನ ಬೆಲೆ ಮತ್ತು ಬಿಡಿ ಪೆನ್ಸಿಲ್ಲಿನ ಬೆಲೆ ಎರಡನ್ನೂ ಅಂಗಡಿಯಲ್ಲಿ ಕೇಳಿ ಬರಲು ಹೇಳಿ. ಮಿಕ್ಕಿದ್ದನ್ನು ಅದೇ ಲೆಕ್ಕ ಹಾಕುತ್ತದೆ. ಬೆಂಕಿಪೊಟ್ಟಣ ಮಾತ್ರ ಬೇಡ.

ಮಣಿ, ದಾರ, ಬಣ್ಣ ಎಲ್ಲ ನಾವೇ ಕೊಡಿಸಿದೆವು. ಬಂದದ್ದೆಲ್ಲ ಲಾಭ ಎಂದು ಮಗು ಕುಣಿಯುತ್ತಿದೆ. ಹೇಳಿ ನಿರಾಸೆ ಮಾಡಬೇಕಾ?

ಹೇಳಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ಮಕ್ಕಳ ವ್ಯಾಪಾರದಲ್ಲಿ ಪಾಠ ಹಾಳಾಗುವುದು ಮಗುವಿನ ತಪ್ಪಿನಿಂದಲ್ಲ, ಅಪ್ಪ ಅಮ್ಮ ಸದ್ದಿಲ್ಲದೆ ಹಾಕುವ ಹಣದಿಂದ. ಸಾಮಾನು ಬಿಟ್ಟಿ, ಜಾಗ ಬಿಟ್ಟಿ, ಮಾರದೆ ಉಳಿದದ್ದನ್ನು ಅಮ್ಮನೇ ಕೊಂಡುಕೊಳ್ಳುತ್ತಾರೆ. ಆಗ ಮಗು ಕಲಿಯುವುದೇನು? ಹಣ ಸುಮ್ನೆ ಬರುತ್ತದೆ ಎಂದು. ಇದನ್ನು ಕಲಿಯುವುದಕ್ಕಿಂತ ಏನೂ ಕಲಿಯದಿರುವುದೇ ವಾಸಿ.

ಲೆಕ್ಕ ಹೀಗೆ ಮಾಡಿಸಿ. ಮಣಿಗೆ 120, ದಾರಕ್ಕೆ 30, ಒಟ್ಟು 150. ಇದು ನೀವು ಕೊಟ್ಟ ಸಾಲ. ಲೆಕ್ಕದ ಪುಸ್ತಕದ ಮೊದಲ ಸಾಲಿನಲ್ಲಿ ಮಗುವಿನ ಕೈಯಲ್ಲೇ ಬರೆಸಿ. ಇಷ್ಟರಲ್ಲಿ 20 ಬಳೆ ಆದವು ಅನ್ನಿ. ಒಂದಕ್ಕೆ 15ರಂತೆ 12 ಬಳೆ ಮಾರಿದವು. ಡಬ್ಬಿಯಲ್ಲಿ ಈಗ 180 ಇದೆ. ‘ನೂರೆಂಬತ್ತು ದುಡಿದೆ!’ ಎಂದು ಮಗು ಓಡಿ ಬರುತ್ತದೆ. ಖುಷಿಪಡಲಿ. ಆಮೇಲೆ ಕೂತು 150 ಎಣಿಸಿ ನಿಮಗೆ ಕೊಡಲು ಹೇಳಿ. ಉಳಿಯುವುದು 30.

ಮುಖ ಸ್ವಲ್ಪ ಬಾಡುತ್ತದೆ. ಆಗ ನಿಜವಾದ ಪ್ರಶ್ನೆಗಳು ಶುರುವಾಗುತ್ತವೆ. ಮಾರದೆ ಉಳಿದ 8 ಬಳೆ ಲಾಭವಾ, ನಷ್ಟವಾ? ಮಾರಿದರೆ ಇನ್ನೂ 120 ಬರುತ್ತದೆ, ಮಾರದಿದ್ದರೆ ಅದು ಬಳೆಯಲ್ಲೇ ಸಿಕ್ಕಿಬಿದ್ದ ಹಣ. ಎಷ್ಟನೇ ಬಳೆ ಮಾರಿದಾಗ ಸಾಲ ತೀರಿತು? 150ನ್ನು 15ರಿಂದ ಭಾಗಿಸಿದರೆ 10. ಅಂದರೆ ಮೊದಲ ಹತ್ತು ಬಳೆಗಳ ಹಣ ಸಾಲಕ್ಕೇ ಹೋಯಿತು, ಹನ್ನೊಂದನೆಯದರಿಂದ ಲಾಭ. ಬೆಲೆ 10 ಇಟ್ಟಿದ್ದರೆ? ಹದಿನೈದು ಮಾರಬೇಕಿತ್ತು. ಎಂಟೊಂಬತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ, ಯಾಕೆಂದರೆ ಹಣ ಅದರದ್ದು.

ಮಗುವಿನ ಎರಡು ಮಧ್ಯಾಹ್ನದ ದುಡಿಮೆಗೆ ಇಲ್ಲಿ ಬೆಲೆ ಹಾಕಿಲ್ಲ ಎನ್ನುವುದನ್ನು ಗಮನಿಸಿರಬಹುದು. ಅದು ಇನ್ನೊಂದು ದಿನದ ಪಾಠ. ಒಂದೇ ಸಲಕ್ಕೆ ಎಲ್ಲ ತುರುಕಬೇಡಿ.

ಬೆಲೆ ಯಾರು ನಿಗದಿ ಮಾಡಬೇಕು?

ಮಗುವೇ. ಖರ್ಚಿಗಿಂತ ಕಡಿಮೆ ಇಟ್ಟರೂ ಪರವಾಗಿಲ್ಲ, ವಿಪರೀತ ಇಟ್ಟರೂ ಪರವಾಗಿಲ್ಲ. ಎರಡಕ್ಕೂ ಉತ್ತರ ಗಿರಾಕಿಗಳೇ ಕೊಡುತ್ತಾರೆ. ನೀವು ಮಾಡಬೇಕಾದದ್ದು ಒಂದು ಪ್ರಶ್ನೆ ಕೇಳುವುದು: ‘ಒಂದು ಬಳೆಗೆ ನಿನಗೆ ಎಷ್ಟು ಖರ್ಚಾಯಿತು?’ ಏಳೂವರೆ ಎಂದು ಅದೇ ಕಂಡುಕೊಳ್ಳಲಿ.

ಕೊಳ್ಳುವವರೆಲ್ಲ ಅಜ್ಜಿ, ಮಾವ, ಅತ್ತೆ. ಇದು ವ್ಯಾಪಾರವಾ?

ಮೊದಲ ಸಲಕ್ಕೆ ಸರಿ. ಧೈರ್ಯ ಬರುತ್ತದೆ. ಆದರೆ ನೆಂಟರು ಕೊಳ್ಳುವುದು ಬಳೆಯನ್ನಲ್ಲ, ಮಗುವಿನ ನಗುವನ್ನು. ಅಜ್ಜಿ 15ಕ್ಕೆ ಬದಲು 100 ಕೊಟ್ಟು ‘ಚಿಲ್ಲರೆ ನೀನೇ ಇಟ್ಟುಕೋ’ ಅಂದರೆ ಹೆಚ್ಚುವರಿ 85ನ್ನು ಪುಸ್ತಕದಲ್ಲಿ ‘ಅಜ್ಜಿ ಕೊಟ್ಟದ್ದು’ ಎಂದು ಬೇರೆಯಾಗಿ ಬರೆಸಿ. ಅಜ್ಜಿಯನ್ನು ತಡೆಯಲು ಹೋಗಬೇಡಿ, ಅದು ಆಗದ ಕೆಲಸ.

ಎರಡನೇ ಸಲ ಪರಿಚಯ ಕಡಿಮೆ ಇರುವವರಿಗೆ ಮಾರಲಿ, ನೀವು ಜೊತೆಗಿದ್ದು. ‘ಬೇಡ’ ಎನ್ನುವ ಮಾತನ್ನು ಕೇಳಿ, ‘ಸರಿ, ಥ್ಯಾಂಕ್ಸ್’ ಎಂದು ನಗುನಗುತ್ತಾ ಬರಲು ಕಲಿತರೆ ಅದು 30ರ ಲಾಭಕ್ಕಿಂತ ದೊಡ್ಡದು. ಮುಖ ಸಪ್ಪೆ ಮಾಡಿಕೊಂಡು ನಿಂತು ಕೊಳ್ಳುವಂತೆ ಮಾಡುವುದನ್ನು ಮಾತ್ರ ಬೆಳೆಸಬೇಡಿ. ಮಕ್ಕಳಿಗೆ ಆ ಕಲೆ ಬೇಗ ಹತ್ತುತ್ತದೆ.

ನಷ್ಟವಾದರೆ ತುಂಬಿಕೊಡಬೇಕಾ?

ಬೇಡ. ಅದಕ್ಕೇ ಮೊತ್ತ ಸಣ್ಣದಿರಬೇಕು ಎನ್ನುವುದು. ಪೂರ್ತಿ ಮುಳುಗಿದರೂ ಮಗು ಒಂದು ಸಂಜೆ ಅತ್ತು ಮರುದಿನ ಆಡಲು ಹೋಗುವಷ್ಟು ಸಣ್ಣದು. ಸಾಲ ತೀರಿಸಲು ಆಗದಿದ್ದರೆ ಪಾಕೆಟ್ ಮನಿಯಿಂದ ಸ್ವಲ್ಪ ಸ್ವಲ್ಪವಾಗಿ ತೀರಿಸಲಿ, ಅಥವಾ ‘ಸಾಲ ಮನ್ನಾ, ಆದರೆ ಮುಂದಿನ ಸಲದ ಬಂಡವಾಳ ನಿನ್ನದೇ’ ಎಂದು ಒಪ್ಪಂದ ಮಾಡಿಕೊಳ್ಳಿ. ಯಾವುದಾದರೂ ಸರಿ, ಶುರುವಿನಲ್ಲೇ ಹೇಳಿರಬೇಕು. ಮಧ್ಯದಲ್ಲಿ ನಿಯಮ ಬದಲಿಸಿದರೆ ಮಗು ನಿಮ್ಮನ್ನೇ ನಂಬುವುದಿಲ್ಲ. ಸಮಾಧಾನ ಮಾಡಿ, ಪಕ್ಕದಲ್ಲಿ ಕೂರಿ, ಯಾಕೆ ಹೀಗಾಯಿತು ಎಂದು ಕೇಳಿ. ಹಣ ಮಾತ್ರ ತುಂಬಬೇಡಿ.

ಚಕ್ರಬಡ್ಡಿಯನ್ನು ಹೇಗೆ ವಿವರಿಸೋಣ?

ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ಉಳಿತಾಯದ ಲೆಕ್ಕ. ಅಲ್ಲಿ ಪ್ರತಿ ಹನಿಯನ್ನೂ ನಾವೇ ಹಾಕಬೇಕು. ಚಕ್ರಬಡ್ಡಿಯಲ್ಲಿ ಹಾಕಿದ ಹನಿಗಳೇ ಇನ್ನಷ್ಟು ಹನಿಗಳನ್ನು ತರುತ್ತವೆ. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಮಾಡಿ ತೋರಿಸಬೇಕು. ಬ್ಯಾಂಕಿನಲ್ಲಿ ಹಾಕಿ ವರ್ಷ ಕಾಯಿರಿ ಅಂದರೆ ಮಗುವಿಗೆ ಒಂದು ವರ್ಷ ಎಂದರೆ ಒಂದು ಯುಗ. ಹಾಗಾಗಿ ಮನೆಯಲ್ಲೇ ಬ್ಯಾಂಕ್ ತೆರೆಯಿರಿ.

ಮಗು 100 ಇಡಲಿ. ತಿಂಗಳಿಗೆ ಶೇಕಡಾ 10 ಬಡ್ಡಿ ಕೊಡಿ. ಮೊದಲ ತಿಂಗಳು 110. ಎರಡನೇ ತಿಂಗಳು ಮಗು 120 ಎಂದು ಊಹಿಸುತ್ತದೆ, ನೀವು 121 ಇಡಿ. ಆ ಒಂದು ಎಲ್ಲಿಂದ ಬಂತು? ಹುಡುಕಲಿ, ಉತ್ತರ ಹೇಳಬೇಡಿ. ಆರನೇ ತಿಂಗಳಿಗೆ 177 ದಾಟುತ್ತದೆ. ಬಡ್ಡಿಗೆ ಬಡ್ಡಿ ಇಲ್ಲದಿದ್ದರೆ 160 ಮಾತ್ರ ಆಗುತ್ತಿತ್ತು. ಪ್ರತಿ ತಿಂಗಳ ಮೊತ್ತಕ್ಕೂ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸುತ್ತಾ ಹೋದರೆ ಗೆರೆ ಮೇಲಕ್ಕೆ ಬಾಗುವುದು ಕಣ್ಣಿಗೇ ಕಾಣುತ್ತದೆ.

ಎರಡು ಎಚ್ಚರಿಕೆ. ಆರು ತಿಂಗಳಿಗೆ ನಿಲ್ಲಿಸುತ್ತೇವೆ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ವರ್ಷದ ಕೊನೆಗೆ 314 ಕೊಡಬೇಕು, ಚುರುಕು ಮಗು ಆದರೆ ನೆಂಟರ ಹಣವನ್ನೂ ತಂದು ನಿಮ್ಮ ಬ್ಯಾಂಕಿಗೆ ಹಾಕುತ್ತದೆ. ಇನ್ನೊಂದು, ಇಷ್ಟು ಬಡ್ಡಿ ಹೊರಗೆ ಯಾವ ನಿಜವಾದ ಬ್ಯಾಂಕೂ ಕೊಡುವುದಿಲ್ಲ ಎಂದು ಒತ್ತಿ ಹೇಳಿ. ತಿಂಗಳಿಗೆ ಶೇಕಡಾ 10 ಲಾಭ ಗ್ಯಾರಂಟಿ ಎಂದು ನೀನು ದೊಡ್ಡವನಾದ ಮೇಲೆ ಯಾರಾದರೂ ಬಂದು ಹೇಳಿದರೆ ಅವನು ಮೋಸಗಾರ ಎಂದು ತಿಳಿದುಕೋ, ಇದೂ ಪಾಠದ ಭಾಗವೇ.

ಹತ್ತು ದಾಟಿದ ಮಗುವಿಗೆ 72ರ ಲೆಕ್ಕ ಹೇಳಿ. 72ನ್ನು ವಾರ್ಷಿಕ ಬಡ್ಡಿದರದಿಂದ ಭಾಗಿಸಿದರೆ ಹಣ ಎರಡರಷ್ಟಾಗಲು ಸುಮಾರು ಎಷ್ಟು ವರ್ಷ ಬೇಕೆಂದು ಸಿಗುತ್ತದೆ. ಶೇಕಡಾ 6 ಆದರೆ 12 ವರ್ಷ, 8 ಆದರೆ 9 ವರ್ಷ. ಮಕ್ಕಳಿಗೆ ಇದು ಮ್ಯಾಜಿಕ್ ತರಹ ಕಾಣುತ್ತದೆ.

ಕಥೆ ಬೇಕಾದರೆ ಅಮೆರಿಕದ ಸ್ಥಾಪಕ ನಾಯಕರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ಅವರದ್ದು ಇದೆ. 1790ರಲ್ಲಿ ತೀರಿಕೊಂಡ ಅವರು ಬಾಸ್ಟನ್, ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ಬಿಟ್ಟು ಹೋದರು. ಹೊಸದಾಗಿ ಕಸುಬು ಶುರು ಮಾಡುವ ಯುವಕರಿಗೆ ಅದನ್ನು ಶೇಕಡಾ 5 ಬಡ್ಡಿಗೆ ಸಾಲ ಕೊಡುತ್ತಾ 200 ವರ್ಷ ಬೆಳೆಸಬೇಕು ಎನ್ನುವುದು ಷರತ್ತು. ನೂರು ವರ್ಷಕ್ಕೆ ಒಂದು ಭಾಗ ತೆಗೆದು ಊರಿನ ಕೆಲಸಕ್ಕೆ ಬಳಸಿದರು. ಆದರೂ 1990ರ ಹೊತ್ತಿಗೆ ಬಾಸ್ಟನ್ನಿನ ನಿಧಿ 50 ಲಕ್ಷ ಡಾಲರ್ ಹತ್ತಿರ ಬೆಳೆದಿತ್ತು. ಸಾಲ ಪಡೆದವರಿಗೆ ಅದು ಬಂಡವಾಳ, ಕೊಟ್ಟವರಿಗೆ ಹೂಡಿಕೆ. ವ್ಯಾಪಾರ, ಹೂಡಿಕೆ ಎರಡೂ ಒಂದೇ ಹಣದ ಎರಡು ಕಡೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಬೇಗ ಶುರು ಮಾಡಿದರೆ ಅಷ್ಟೊಂದು ವ್ಯತ್ಯಾಸ ಆಗುತ್ತದಾ?

ಲೆಕ್ಕ ನೋಡಿ. ಒಬ್ಬಳು 15ರಿಂದ 24ನೇ ವಯಸ್ಸಿನವರೆಗೆ ಪ್ರತಿ ವರ್ಷದ ಕೊನೆಗೆ 1,000 ಹಾಕಿ ನಿಲ್ಲಿಸುತ್ತಾಳೆ. ಹಾಕಿದ್ದು 10,000. ಅವಳ ತಮ್ಮ 25ರಿಂದ 60ರವರೆಗೆ ಬಿಡದೆ ಹಾಕುತ್ತಾನೆ. ಹಾಕಿದ್ದು 36,000. ಇಬ್ಬರಿಗೂ ವರ್ಷಕ್ಕೆ ಶೇಕಡಾ 7 ಸಿಕ್ಕಿತು ಅನ್ನೋಣ. ಅರವತ್ತಕ್ಕೆ ಅಕ್ಕನ ಹಣ ಸುಮಾರು 1,57,800, ತಮ್ಮನದು ಸುಮಾರು 1,48,900. ನಿಜ ಜೀವನದಲ್ಲಿ ಪ್ರತಿ ವರ್ಷ ಒಂದೇ ಸಮ ಶೇಕಡಾ 7 ಯಾರಿಗೂ ಸಿಗುವುದಿಲ್ಲ, ಬೆಲೆ ಏರಿಕೆಯೂ ಒಂದಿಷ್ಟು ತಿನ್ನುತ್ತದೆ. ಆದರೂ ಸಮಯ ಏನು ಮಾಡುತ್ತದೆ ಎನ್ನುವುದು ಇದರಲ್ಲಿ ಕಾಣುತ್ತದೆ.

ಮಗುವಿನ ಡಬ್ಬಿಯಿಂದ ಅವಸರಕ್ಕೆ ನಾವು ಹಣ ತೆಗೆದುಕೊಳ್ಳಬಹುದಾ?

ಕೇಳಿ ತೆಗೆದುಕೊಳ್ಳಿ, ಪುಸ್ತಕದಲ್ಲಿ ಬರೆಯಿರಿ, ಹೇಳಿದ ದಿನ ವಾಪಸ್ ಇಡಿ, ಬಡ್ಡಿ ಸೇರಿಸಿ. ಸುಮ್ನೆ ತೆಗೆದು ಮರೆತುಬಿಡುವುದು ಬೇಡ.

ಇದು ಸಣ್ಣ ವಿಷಯ ಅಲ್ಲ. ಒಂದು ಮಾರ್ಷ್‌ಮ್ಯಾಲೋ (ಮೆತ್ತನೆಯ ಸಿಹಿ ತಿಂಡಿ) ಈಗಲೇ ತಿನ್ನುತ್ತೀಯಾ, ಕಾದರೆ ಎರಡು ಕೊಡುತ್ತೇನೆ ಎನ್ನುವ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅವರ ಪ್ರಯೋಗ ತುಂಬ ಜನಕ್ಕೆ ಗೊತ್ತು. ಕಾದ ಮಕ್ಕಳು ಮುಂದೆ ಚೆನ್ನಾಗಿ ಬಾಳುತ್ತಾರೆ ಎಂದು ಅದರಿಂದ ಹೇಳುತ್ತಿದ್ದರು. 2018ರಲ್ಲಿ ಮಕ್ಕಳ ಇನ್ನೂ ದೊಡ್ಡ ಗುಂಪಿನ ಮೇಲೆ ನೋಡಿದಾಗ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಬಂಧ ಬಹಳ ತೆಳ್ಳಗಾಗುತ್ತದೆ ಎಂದು ಕಂಡಿತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ನನಗೆ ಅದಕ್ಕಿಂತ ಮುಖ್ಯ ಅನ್ನಿಸುತ್ತದೆ. ಕೆಲವು ಮಕ್ಕಳಿಗೆ ಮೊದಲು ‘ಒಳ್ಳೆಯ ಬಣ್ಣ ತರುತ್ತೇನೆ’ ಎಂದು ಹೇಳಿ ತರಲಿಲ್ಲ. ಉಳಿದವರಿಗೆ ಹೇಳಿದಂತೆ ತಂದುಕೊಟ್ಟರು. ಆಮೇಲೆ ಮಾರ್ಷ್‌ಮ್ಯಾಲೋ ಇಟ್ಟಾಗ, ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಸುಮಾರು 3 ನಿಮಿಷ.

ಡಬ್ಬಿಯ ಹಣ ಉಳಿಯುತ್ತದೆ ಎಂಬ ನಂಬಿಕೆ ಇಲ್ಲದ ಮನೆಯಲ್ಲಿ ತಕ್ಷಣ ಖರ್ಚು ಮಾಡುವ ಮಗುವೇ ಜಾಣ ಮಗು, ಅಲ್ವಾ?

ಶೇರು ಎಂದರೆ ಏನು ಎಂದು ಹೇಗೆ ಹೇಳೋಣ?

ಬಳೆ ವ್ಯಾಪಾರವನ್ನೇ ಹಿಡಿಯಿರಿ. ಮುಂದಿನ ಸಲ ಸಾಲ ಕೊಡಬೇಡಿ. ಬಂಡವಾಳ 150ನ್ನು ತಲಾ 15ರ ಹತ್ತು ಚೀಟಿಗಳಾಗಿ ಮಾಡಿ. ನಾಲ್ಕು ಮಗುವೇ ತನ್ನ ಹಣದಲ್ಲಿ ಕೊಳ್ಳಲಿ, ಉಳಿದವು ಅಪ್ಪ, ಅಕ್ಕ, ಅಜ್ಜನಿಗೆ. ಎಲ್ಲ ಮಾರಿ, ಬಂಡವಾಳ ಪಕ್ಕಕ್ಕೆ ಇಟ್ಟ ಮೇಲೆ 100 ಲಾಭ ಉಳಿದರೆ ಚೀಟಿಗೆ 10ರಂತೆ ಹಂಚಬೇಕು. ಏನೂ ಉಳಿಯದಿದ್ದರೆ ಯಾರಿಗೂ ಏನೂ ಇಲ್ಲ. ಸಾಲ ಆದರೆ ಲಾಭ ಇಲ್ಲದಿದ್ದರೂ ತೀರಿಸಬೇಕು, ಚೀಟಿ ಆದರೆ ಲಾಭ ನಷ್ಟ ಎರಡರಲ್ಲೂ ಪಾಲು. ಈ ವ್ಯತ್ಯಾಸ ಗೊತ್ತಾದರೆ ಶೇರು ಗೊತ್ತಾದ ಹಾಗೆಯೇ.

ಆಗ ಇನ್ನೊಂದು ತಮಾಷೆ ನಡೆಯುತ್ತದೆ. ಪಾಲುದಾರ ಅಕ್ಕ ‘ಬೆಲೆ ಜಾಸ್ತಿ ಮಾಡು’ ಅನ್ನುತ್ತಾಳೆ, ಅಜ್ಜ ‘ಲಾಭ ಹಂಚಬೇಡ, ಅದರಲ್ಲೇ ಇನ್ನಷ್ಟು ಮಣಿ ತಾ’ ಅನ್ನುತ್ತಾರೆ. ದೊಡ್ಡ ಕಂಪನಿಗಳ ಸಭೆಯಲ್ಲೂ ನಡೆಯುವ ಜಗಳ ಇದೇ.

ಇದು ಶುರುವಾದದ್ದು ಹೇಗೆ ಎಂದು ಮಗು ಕೇಳಿದರೆ 1602ರ ಆಮ್‌ಸ್ಟರ್‌ಡಾಮಿಗೆ ಕರೆದೊಯ್ಯಿರಿ. ಡಚ್ ಈಸ್ಟ್ ಇಂಡಿಯಾ ಕಂಪನಿ ಹಡಗು ಕಳಿಸಲು ಜನರಿಂದ ಹಣ ಕೂಡಿಸಿತು. ಶ್ರೀಮಂತರಷ್ಟೇ ಅಲ್ಲ, ಕಂಪನಿಯ ಒಬ್ಬ ನಿರ್ದೇಶಕರ ಮನೆಯಲ್ಲಿ ಕೆಲಸಕ್ಕಿದ್ದ ನೀಲ್ಟ್‌ಗೆನ್ ಕಾರ್ನೆಲಿಸ್ ಎಂಬ ಹೆಣ್ಣುಮಗಳೂ 100 ಗಿಲ್ಡರ್ (ಆಗಿನ ಡಚ್ ನಾಣ್ಯ) ಹಾಕಿದಳು. ಆ ಕಂಪನಿ ಹೋದ ಕಡೆ ನಡೆಸಿದ ದಬ್ಬಾಳಿಕೆಯ ಕಥೆಯನ್ನೂ ಮಗು ದೊಡ್ಡದಾದಾಗ ಹೇಳಿ. ಲಾಭ ಎಲ್ಲಿಂದ ಬಂತು ಎಂದು ಪಾಲುದಾರರು ಕೇಳಬೇಕು.

ನಿಜವಾದ ಶೇರು ಕೊಡಿಸಬಹುದಾ?

ಹತ್ತು, ಹನ್ನೊಂದು ದಾಟಿದ್ದರೆ, ಸಣ್ಣ ಮೊತ್ತದಲ್ಲಿ, ಕಾನೂನಿನಂತೆ ಪೋಷಕರ ಹೆಸರಲ್ಲೋ ಪೋಷಕರ ಮೂಲಕವೋ. ಮಗುವಿಗೆ ಪರಿಚಯ ಇರುವ ಕಂಪನಿ ಆದರೆ ಆಸಕ್ತಿ ಉಳಿಯುತ್ತದೆ. ಆದರೆ ಒಂದೇ ಕಂಪನಿಯಲ್ಲಿ ಎಲ್ಲ ಹಾಕುವುದು ಅಪಾಯ ಎನ್ನುವುದನ್ನೂ ಜೊತೆಗೇ ಹೇಳಬೇಕು. ನೂರಾರು ಕಂಪನಿಗಳ ಚೂರು ಚೂರು ಒಟ್ಟಿಗೆ ಸಿಗುವ ಇಂಡೆಕ್ಸ್ ಫಂಡ್ ಮಗುವಿಗೆ ಬೋರು, ಹಣಕ್ಕೆ ಒಳ್ಳೆಯದು. ಸಾಮಾನ್ಯ ಜನರಿಗಾಗಿ ಅಂಥ ಮೊದಲ ಫಂಡನ್ನು ಹೂಡಿಕೆ ಕಂಪನಿ ನಡೆಸುತ್ತಿದ್ದ ಅಮೆರಿಕದ ಜಾನ್ ಬೋಗಲ್ 1976ರಲ್ಲಿ ತಂದಾಗ ದೊಡ್ಡವರೂ ಬೋರು ಎಂದೇ ನಕ್ಕಿದ್ದರು.

ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಮೊದಲ ಶೇರು ಕೊಂಡದ್ದು 1942ರಲ್ಲಿ, 11ನೇ ವಯಸ್ಸಿಗೆ. ಸಿಟೀಸ್ ಸರ್ವಿಸ್ ಎಂಬ ಕಂಪನಿಯ ಮೂರು ಶೇರು, ಒಂದಕ್ಕೆ 38 ಡಾಲರ್ ಚಿಲ್ಲರೆ. ಬೆಲೆ 27ಕ್ಕೆ ಇಳಿಯಿತು. ಜೊತೆಯಲ್ಲಿ ಹಣ ಹಾಕಿದ್ದ ಅಕ್ಕನ ಮುಂದೆ ಹುಡುಗನಿಗೆ ಸಂಕಟ. 40ಕ್ಕೆ ಏರಿದ ಕೂಡಲೇ ಮಾರಿಬಿಟ್ಟ. ಆಮೇಲೆ ಅದೇ ಶೇರು 200 ದಾಟಿತು. ಕಾಯುವುದು ಕಷ್ಟ ಎಂದು ಮಗುವಿಗೆ ಹೇಳಲು ಬೇರೆ ಉಪದೇಶ ಬೇಡ.

ಒಂದು ಸಣ್ಣ ಒಗಟನ್ನೂ ಕೇಳಿ. 100ರ ಶೇರು ಅರ್ಧಕ್ಕೆ ಇಳಿಯಿತು. ಮತ್ತೆ 100 ಆಗಲು ಶೇಕಡಾ ಎಷ್ಟು ಏರಬೇಕು? ಐವತ್ತು ಎನ್ನುತ್ತದೆ. ಅಲ್ಲ, ನೂರು. ದೊಡ್ಡವರಿಗೂ ಇದನ್ನು ಕೇಳಿ ನೋಡಿ.

ಫೋನಿನಲ್ಲಿ ಟ್ರೇಡಿಂಗ್ ಆಟಗಳಿವೆ. ಆಡಿದರೆ ಕಲಿಯುತ್ತದಾ?

ಕಲಿಯುತ್ತದೆ, ಆದರೆ ಜೂಜನ್ನು. ಹತ್ತು ನಿಮಿಷದಲ್ಲಿ ಕೊಂಡು ಮಾರುವ ಆಟದಲ್ಲಿ ಕಂಪನಿ ಎನ್ನುವುದೇ ಇರುವುದಿಲ್ಲ, ಬರೀ ಬೆಲೆ ಏರಿಳಿಯುವ ಗೆರೆ ಇರುತ್ತದೆ. ನಕಲಿ ಹಣ ಆದ್ದರಿಂದ ಸೋತ ನೋವೂ ಇಲ್ಲ. ಆಟದೊಳಗೆ ನಿಜವಾದ ಹಣ ಕೊಟ್ಟು, ಒಳಗೇನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆ ತೆರೆಯುವ ವ್ಯವಸ್ಥೆಯ ಬಗ್ಗೆ ಇನ್ನೂ ಜಾಗ್ರತೆ ಇರಲಿ. ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಇಂಥದ್ದನ್ನು ಜೂಜು ಎಂದು ಹೇಳಿತು.

ಆನ್‌ಲೈನಿನಲ್ಲಿ ಮಾರಬಹುದಾ?

ನಿಮ್ಮ ಖಾತೆಯಲ್ಲಿ, ನಿಮ್ಮ ಹೆಸರಲ್ಲಿ, ನೀವೇ ಉತ್ತರ ಕೊಡುತ್ತಾ ಆದರೆ ಸರಿ. ಬಳೆಯ ಫೋಟೋ ಸಾಕು. ಮಗುವಿನ ಮುಖ, ಶಾಲೆ, ಮನೆ ವಿಳಾಸ ಯಾವುದೂ ಬೇಡ. ‘ಪುಟ್ಟ ಉದ್ಯಮಿ’ ಎಂದು ವಿಡಿಯೋ ಹಾಕಿ ಜನರಿಂದ ಚಪ್ಪಾಳೆ ಗಿಟ್ಟಿಸುವುದು ಅಪ್ಪ ಅಮ್ಮನ ವ್ಯಾಪಾರ, ಮಗುವಿನದಲ್ಲ.

ಇದು ಬಾಲಕಾರ್ಮಿಕತೆ ಆಗುವುದಿಲ್ಲವಾ? ತೆರಿಗೆ?

ಮಗು ಬೇಕೆಂದಾಗ ಶುರು ಮಾಡಿ ಬೇಡವೆಂದಾಗ ಬಿಡಬಹುದಾದರೆ ಅದು ಆಟ. ಮನೆಯ ಖರ್ಚು ಮಗುವಿನ ಗಳಿಕೆಯನ್ನು ನೆಚ್ಚಿಕೊಂಡರೆ, ಶಾಲೆ ತಪ್ಪಿದರೆ, ನಿದ್ದೆ ಕಡಿಮೆಯಾದರೆ ಅದು ದುಡಿಮೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1973ರ ಒಪ್ಪಂದ ಕೆಲಸಕ್ಕೆ ಸೇರುವ ಸಾಮಾನ್ಯ ಕನಿಷ್ಠ ವಯಸ್ಸನ್ನು 15 ಎಂದಿಟ್ಟಿದೆ, ಕೆಲವು ದೇಶಗಳಿಗೆ 14ರ ವಿನಾಯಿತಿ ಇದೆ. ತೆರಿಗೆ, ಖಾತೆ, ಪರವಾನಗಿಯ ನಿಯಮ ದೇಶಕ್ಕೊಂದು ತರಹ. ಮನೆ ಮಟ್ಟದ ಬಳೆ ಮಾರಾಟ ದಾಟಿ ಬೆಳೆದರೆ ತಿಳಿದವರನ್ನು ಕೇಳಿ.

ಮಗುವಿಗೆ ದುಡ್ಡಿನ ಹುಚ್ಚು ಹತ್ತಿಬಿಟ್ಟರೆ?

ಹತ್ತಬಹುದು. ‘ತಂಗಿಗೆ ಪೆನ್ಸಿಲ್ ಕೊಡಲು ಎಷ್ಟು ಕೊಡ್ತೀಯ?’ ಎಂದು ಕೇಳುವ ಒಂದು ಹಂತ ತುಂಬ ಮಕ್ಕಳಲ್ಲಿ ಬರುತ್ತದೆ. ಗಾಬರಿ ಬೇಡ. ಯಾವುದು ಮಾರಾಟಕ್ಕಿದೆ, ಯಾವುದು ಇಲ್ಲ ಎಂಬ ಗೆರೆಯನ್ನು ನೀವೇ ಎಳೆಯಬೇಕು, ಅದು ತಾನಾಗಿ ಬರುವುದಿಲ್ಲ. ನೀವೇ ದಿನವಿಡೀ ಎಲ್ಲದರ ಬೆಲೆ ಮಾತಾಡುತ್ತಿದ್ದರೆ ಮಗುವಿಗೆ ಏನು ಹೇಳಿಯೂ ಉಪಯೋಗವಿಲ್ಲ.

ಖರ್ಚು, ಉಳಿತಾಯ, ದಾನ ಎಂದು ಮೂರು ಡಬ್ಬಿ ಇಡಿಸುವವರಿದ್ದಾರೆ. ಒಳ್ಳೆಯ ಪದ್ಧತಿ. ಆದರೆ ದಾನದ ಡಬ್ಬಿಗೆ ಕಡ್ಡಾಯವಾಗಿ ಹಾಕಿಸಿದರೆ ಅದು ದಾನವಲ್ಲ, ಮನೆ ತೆರಿಗೆ. ಯಾರಿಗೆ, ಎಷ್ಟು, ಕೊಡಬೇಕಾ ಬೇಡವಾ ಎಲ್ಲ ಮಗುವಿಗೇ ಬಿಡಿ.

ನಮಗೇ ಹೂಡಿಕೆ ಗೊತ್ತಿಲ್ಲ. ಏನು ಕಲಿಸೋದು?

ಜೊತೆಗೇ ಕಲಿಯಿರಿ. ಇಲ್ಲಿರುವ ಯಾವ ಲೆಕ್ಕಕ್ಕೂ ಕೂಡು, ಕಳೆ, ಗುಣಿಸು, ಭಾಗಿಸು ಬಿಟ್ಟು ಬೇರೇನೂ ಬೇಕಿಲ್ಲ. ‘ನನಗೂ ಗೊತ್ತಿಲ್ಲ, ನೋಡೋಣ ಬಾ’ ಎಂದು ದೊಡ್ಡವರು ಹೇಳುವುದನ್ನು ಕೇಳಿದ ಮಗು ಮುಂದೆ ಗೊತ್ತಿಲ್ಲದ್ದರಲ್ಲಿ ಹಣ ಹಾಕುವ ಮೊದಲು ಒಂದು ಕ್ಷಣ ನಿಲ್ಲುತ್ತದೆ.

ಎರಡೇ ವಾರಕ್ಕೆ ಮಗುವಿಗೆ ಬೇಜಾರಾಗಿ ಬಿಟ್ಟುಬಿಟ್ಟಿತು. ಈಗೇನು?

ಬಿಡಲಿ. ಆದರೆ ಲೆಕ್ಕ ಮುಗಿಸಿ ಬಿಡಲಿ. ಉಳಿದ ಸಾಮಾನು ಎಷ್ಟು, ಸಾಲ ಎಷ್ಟು ತೀರಿತು, ಚೀಟಿದಾರರಿಗೆ ಏನು ಕೊಡಬೇಕು, ಯಾರಾದರೂ ಮುಂಗಡ ಕೊಟ್ಟಿದ್ದರೆ ಅವರ ಬಳೆ ಕೊಟ್ಟಾಯಿತಾ. ಒಂದು ಪುಟದಲ್ಲಿ ಬರೆದು ಕೆಳಗೆ ಗೆರೆ ಎಳೆದು ಪುಸ್ತಕ ಎತ್ತಿಡಿ. ಅಂಗಡಿ ಮುಚ್ಚುವುದೂ ವ್ಯಾಪಾರದ ಕೆಲಸವೇ, ದೊಡ್ಡವರಲ್ಲೂ ಅದನ್ನು ನೀಟಾಗಿ ಮಾಡುವವರು ಕಮ್ಮಿ. ಮತ್ತೆ ಬೇಕು ಅನ್ನಿಸಿದಾಗ ಮಗು ತಾನೇ ಬಂದು ಬಂಡವಾಳ ಕೇಳುತ್ತದೆ. ಆಗ ಹಳೆಯ ಪುಟ ತೆಗೆದು, ಹೋದ ಸಲ ಎಂಟು ಬಳೆ ಯಾಕೆ ಉಳಿದವು ಎಂದು ಕೇಳಿದ ಮೇಲೆ ಕೊಡಿ.